ಬೀದಿಯ ಮಾತಿಗೂ ಚರಿತ್ರೆಯಿದೆ

ಚರಿತ್ರೆ ಅಂದರೆ ದೊರೆಗಳ ದಾಖಲೆ ಅಂತ ನಮಗೆ ಕಲಿಸಿದವರು ಬೀದಿಯ ಮಾತನ್ನು ಲೆಕ್ಕಕ್ಕೇ ಇಡಲಿಲ್ಲ. ನೈಜೀರಿಯಾದ ಬೀದಿಗೆ ಒಮ್ಮೆ ಕಿವಿಗೊಡೋಣ.

1960ರಲ್ಲಿ ಬ್ರಿಟಿಷರು ಹೋದರು. ಕಚೇರಿ, ಶಾಲೆಗಳಲ್ಲಿ ಅವರ ಇಂಗ್ಲಿಷ್ ಉಳಿಯಿತು. ಸಂತೆಬೀದಿಯ ಬಡವರು ಆಡಿದ್ದು ಪಿಜಿನ್ ಎಂಬ ಬೆರಕೆ ಮಾತು. ಅದರ ‘ಸಾಬಿ’, ಅಂದರೆ ಗೊತ್ತು, ಗುಲಾಮರನ್ನು ಸಾಗಿಸಿದ ಪೋರ್ಚುಗೀಸರ ಕಾಲದ್ದು. ಫೆಲಾ ಕೂಟಿ ಈ ಮಾತಲ್ಲೇ ಹಾಡಿ ಸೈನಿಕರನ್ನು ಗೇಲಿ ಮಾಡಿದ. 1977ರಲ್ಲಿ ಸೈನಿಕರು ಅವನ ಮನೆ ಸುಟ್ಟರು. ಮುದಿ ತಾಯಿಯನ್ನು ಕಿಟಕಿಯಿಂದ ಎಸೆದರು. ಮರುವರ್ಷ ಆಕೆ ತೀರಿಕೊಂಡರು.

ಇಂದಿನ ಹುಡುಗರ ಮಾತು ಬೆಳೆದದ್ದೂ ಇದೇ ನೆಲದಲ್ಲಿ. ಉಳ್ಳವರ ಮಗ ‘ಅಜೆಬಟರ್’, ಬೆಣ್ಣೆ ತಿನ್ನುವವನು. ಬಡವರ ಮಗ ‘ಅಜೆಪಾಕೊ’, ಮರದ ಹಲಗೆ ತಿನ್ನುವವನು. ಕೈ ಬರಿದಾದರೆ ‘ಸಾಪಾ’ ಹಿಡಿಯಿತು ಅಂತಾರೆ, ದೆವ್ವ ಹಿಡಿದ ಹಾಗೆ. ಬದುಕು ಅರಸಿ ದೇಶ ಬಿಟ್ಟು ಓಡುವುದು ‘ಜಾಪಾ’. ಸರ್ಕಾರದ ಯಾವ ವರದಿ ಇಷ್ಟು ನೇರವಾಗಿ ಹೇಳೀತು?

1992ರಲ್ಲಿ ದರೋಡೆ ತಡೆಯಲೆಂದು ಕಟ್ಟಿದ ಸಾರ್ಸ್ ಎಂಬ ಪೊಲೀಸ್ ದಳ, ಹುಡುಗರನ್ನೇ ಹಿಡಿದು ಸುಲಿಯತೊಡಗಿತು, ಹೊಡೆಯಿತು, ಕೊಂದಿತು. 2020ರ ಅಕ್ಟೋಬರಿನಲ್ಲಿ ಯುವಜನ ಬೀದಿಗಿಳಿದರು. ಯೊರೂಬಾ ನುಡಿಯ ಎರಡು ಪದ ಘೋಷಣೆಯಾದವು: ‘ಸೊರೊ ಸೋಕೆ’, ಗಟ್ಟಿಯಾಗಿ ಮಾತಾಡು! ಅದೇ 20ರ ರಾತ್ರಿ ಲಾಗೋಸ್ ನಗರದ ಲೆಕ್ಕಿ ಟೋಲ್ ಗೇಟಿನಲ್ಲಿ, ಬಾವುಟ ಹಿಡಿದು ಕೂತಿದ್ದವರ ಕಡೆಗೆ ಸೈನಿಕರ ಬಂದೂಕುಗಳು ಗುಂಡು ಹಾರಿಸಿದವು.

ಬೀದಿಯ ಮಾತು ಬರೀ ಪೋಲಿ ಮಾತಾಗಿದ್ದರೆ ಬಂದೂಕು ಯಾಕೆ ಬೇಕಿತ್ತು? ಆ ಮಾತನ್ನು ತಿದ್ದಲು ಹೊರಡುವವರು ಮೊದಲು ಅದು ಯಾರ ಗಾಯದಿಂದ ಬಂತು ಅಂತ ಕೇಳಲಿ, ಅಂತೀವಿ ನಾವು.