ಗಿರಣಿಯವನ ವಿಭವವೂ ರಟ್ಟಿನವನ ಕ್ಷೇತ್ರವೂ



೧೮೩೬ನೆಯ ಇಸವಿಯ ಜನವರಿಯಲ್ಲಿ ಮೈಕೇಲ್ ಫ್ಯಾರಡೆಯು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ೧೨ ಅಡಿ ಉದ್ದಗಲ ಎತ್ತರಗಳುಳ್ಳ ಪಂಜರವೊಂದನ್ನು ಕಟ್ಟಿಸಿ, ಅದಕ್ಕೆ ಲೋಹದ ಹೊದಿಕೆ ಹಾಕಿಸಿ, ಯಂತ್ರದಿಂದ ಪ್ರಬಲವಾಗಿ ವಿದ್ಯುತ್ತನ್ನು ತುಂಬಿಸಿದನು. ಹೊರಮೈಯಿಂದ ಕಿಡಿಗಳು ಸಿಡಿಯುತ್ತಿದ್ದವು. ಆಗ ಅವನು ತಾನೇ ಒಳಹೊಕ್ಕು, ಉರಿಯುವ ಮೇಣದಬತ್ತಿಗಳಿಂದಲೂ ಸೂಕ್ಷ್ಮವಾದ ವಿದ್ಯುನ್ಮಾಪಕಗಳಿಂದಲೂ ಪರೀಕ್ಷಿಸಿದನು. ಒಳಗೆ ವಿದ್ಯುತ್ತಿನ ಸುಳಿವೇ ಇರಲಿಲ್ಲ!

ಇದರ ಮರ್ಮವೇನು? ವಿದ್ಯುತ್ತಿನಿಂದ ಕೂಡಿದ ವಸ್ತುವಿನ ಸುತ್ತಲೂ, ಇತರ ವಿದ್ಯುದಂಶಗಳನ್ನು ತಳ್ಳುವ ಇಲ್ಲವೆ ಸೆಳೆಯುವ ಬಲವು ಹರಡಿರುವುದು. ಇದೇ ವಿದ್ಯುತ್‌ಕ್ಷೇತ್ರ. ವಿಭವವಾದರೋ ನೆಲದ ಎತ್ತರವಿದ್ದಂತೆ. ಬೆಟ್ಟದ ಮೇಲಣ ಕೆರೆಯು ಎಷ್ಟೇ ಎತ್ತರದಲ್ಲಿದ್ದರೂ ಮಟ್ಟಸವಾಗಿರುವುದರಿಂದ ಅದರ ನೀರು ನಿಂತೇ ಇರುವುದು. ಇಳಿಜಾರು ದೊರೆತರೆ ಮಾತ್ರವೇ ಹರಿಯುವುದು. ವಿಭವದ ಇಳಿಜಾರೇ ಕ್ಷೇತ್ರ. ಪಂಜರದೊಳಗೆ ವಿಭವವು ಹೆಚ್ಚಾಗಿದ್ದರೂ ಎಲ್ಲೆಡೆಯೂ ಸಮನಾಗಿದ್ದಿತು. ಇಳಿಜಾರಿಲ್ಲದುದರಿಂದ ಬಲವೂ ಇರಲಿಲ್ಲ.

ಫ್ರಾನ್ಸಿನ ಲಾಪ್ಲಾಸ್, ಪ್ವಾಸೋನ್ ಮೊದಲಾದ ಗಣಿತಜ್ಞರು ಮೊದಲೇ ಬಳಸಿದ್ದ ಈ ಪರಿಮಾಣಕ್ಕೆ ವಿಭವವೆಂಬ ಹೆಸರನ್ನಿತ್ತು, ಅದರ ವ್ಯಾಪ್ತಿಯನ್ನು ತೋರಿದವನು ಜಾರ್ಜ್ ಗ್ರೀನ್. ಇವನು ನಾಟಿಂಗ್‌ಹ್ಯಾಮಿನ ಬಳಿಯ ಸ್ನೀಂಟನ್ನಿನಲ್ಲಿ ಗಾಳಿಗಿರಣಿಯನ್ನು ನಡೆಸುತ್ತಿದ್ದವನು. ಬಾಲ್ಯದಲ್ಲಿ ಶಾಲೆಗೆ ಹೋದುದು ಸುಮಾರು ಒಂದೇ ವರ್ಷ. ೧೮೨೮ರಲ್ಲಿ ೫೧ ಮಂದಿ ಚಂದಾದಾರರ ನೆರವಿನಿಂದ ತನ್ನ ಪ್ರಬಂಧವನ್ನು ಅಚ್ಚು ಹಾಕಿಸಿದನು. ವಿದ್ವಲ್ಲೋಕವು ಅದನ್ನು ಗಮನಿಸಲಿಲ್ಲ. ನಲವತ್ತರ ವಯಸ್ಸಿನಲ್ಲಿ ಕೇಂಬ್ರಿಜ್ಜಿಗೆ ಸೇರಿ ಓದಿದ ಗ್ರೀನನು ೧೮೪೧ರಲ್ಲಿ ತೀರಿಕೊಂಡನು. ನಾಲ್ಕು ವರ್ಷಗಳ ಮೇಲೆ, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದ ಇಪ್ಪತ್ತು ವರ್ಷದ ವಿಲಿಯಂ ಥಾಮ್ಸನ್ ಆ ಪ್ರಬಂಧದ ಪ್ರತಿಯನ್ನು ಪಡೆದು, ಬೆರಗಾಗಿ, ಪ್ಯಾರಿಸ್ಸಿನ ಪಂಡಿತರಿಗೆ ತೋರಿಸಿದನು. ಬಳಿಕ ಅದನ್ನು ಮತ್ತೆ ಅಚ್ಚು ಮಾಡಿಸಿದನು.

ಫ್ಯಾರಡೆಯೂ ಬಡವರ ಮಗ. ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸವನ್ನು ಕಲಿತವನು. ಗಣಿತವನ್ನರಿಯದ ಅವನು ಬಲವನ್ನು ರೇಖೆಗಳ ರೂಪದಲ್ಲಿ ಮನಸ್ಸಿನಲ್ಲಿ ಕಂಡನು. ೧೮೭೩ರಲ್ಲಿ ಪ್ರಕಟವಾದ ಮ್ಯಾಕ್ಸ್‌ವೆಲ್ಲನ ಮಹಾಗ್ರಂಥದಲ್ಲಿ ಅವನ ರೇಖೆಗಳೂ ಗ್ರೀನನ ಗಣಿತವೂ ಒಂದುಗೂಡಿದವು.

೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಅಲ್ಲಿ ಇಂಜನಿಯರುಗಳು ವೋಲ್ಟುಗಳಲ್ಲಿ ಅಳೆದುದು ಗಿರಣಿಯವನು ಹೆಸರಿಟ್ಟ ಆ ವಿಭವದ ಅಂತರವನ್ನೇ. ಗ್ರೀನನು ತನ್ನ ಕೀರ್ತಿಯನ್ನು ಕಾಣಲಿಲ್ಲ. ಹೊಸ ವಿಚಾರವು ಉಳಿಯುವುದಕ್ಕೆ ಬರೆದವನೊಬ್ಬನೇ ಸಾಲದು. ಅರಿತು ಓದುವವನೊಬ್ಬನೂ ಬೇಕು.