ಕುಷ್ಠರೋಗದ ಗತಿ ಮತ್ತು ರಕ್ತಸೂಚಕಗಳು

ಚರ್ಮವನ್ನೂ ನರಗಳನ್ನೂ ಬಾಧಿಸುವ ಕುಷ್ಠರೋಗವು ಕೆಲವರಲ್ಲಿ ಒಂದೆರಡು ಮಚ್ಚೆಗಳಿಗೆ ನಿಂತು, ಕೆಲವರಲ್ಲಿ ಮೈಯೆಲ್ಲ ವ್ಯಾಪಿಸುವುದರಿಂದ, ಅದರ ಗತಿಯನ್ನು ಸೂಚಿಸಬಲ್ಲ ರಕ್ತದ ಅಂಶಗಳಿಗಾಗಿ, ಅಂದರೆ ರಕ್ತಸೂಚಕಗಳಿಗಾಗಿ, ದೀರ್ಘಕಾಲದಿಂದ ಹುಡುಕಾಟ ನಡೆದಿದೆ. ನಾರ್ವೆಯ ಹ್ಯಾನ್ಸೆನ್ 1873ರಲ್ಲಿ ರೋಗಾಣುವನ್ನು ಗುರುತಿಸಿದರೂ, ಅದು ಪ್ರಯೋಗಾಲಯದ ಕೃತಕ ಮಾಧ್ಯಮದಲ್ಲಿ ಇಂದಿಗೂ ಬೆಳೆಯದಿರುವುದು ಸಂಶೋಧನೆಗೆ ದೊಡ್ಡ ತೊಡಕಾಯಿತು. ಸಿಫಿಲಿಸ್ ಪತ್ತೆಗೆಂದು 1906ರಲ್ಲಿ ಬಂದ ವಾಸರ್ಮನ್ ಪರೀಕ್ಷೆಯು ಅನೇಕ ಕುಷ್ಠರೋಗಿಗಳಲ್ಲಿಯೂ ತಪ್ಪಾಗಿ ಧನಾತ್ಮಕ ಫಲಿತಾಂಶ ನೀಡುತ್ತಿತ್ತು. ರಿಡ್ಲೆ ಮತ್ತು ಜಾಪ್ಲಿಂಗ್ 1966ರಲ್ಲಿ ರೋಗನಿರೋಧ ಶಕ್ತಿಯ ಏರಿಳಿತಕ್ಕೆ ಅನುಗುಣವಾಗಿ ರೋಗವನ್ನು ಐದು ಗುಂಪುಗಳಾಗಿ ಜೋಡಿಸಿದ ಮೇಲೆ, ರಕ್ತದಲ್ಲಿ ಏನನ್ನು ಹುಡುಕಬೇಕೆಂಬ ಪ್ರಶ್ನೆ ಸ್ಪಷ್ಟವಾಯಿತು.

ಉತ್ತರದ ಮೊದಲ ಎಳೆ ಸಿಕ್ಕಿದ್ದು ಆರ್ಮಡಿಲೊ ಎಂಬ ಚಿಪ್ಪುಳ್ಳ ಪ್ರಾಣಿಯಿಂದ. ಅದರ ದೇಹದಲ್ಲಿ ರೋಗಾಣು ಹೇರಳವಾಗಿ ಬೆಳೆಯುವುದೆಂದು 1971ರಲ್ಲಿ ತಿಳಿದುಬಂದಿತು. ಆ ಅಂಗಾಂಶದಿಂದಲೇ ಹಂಟರ್ ಮತ್ತು ಬ್ರೆನ್ನನ್ 1981ರ ಹೊತ್ತಿಗೆ ಈ ರೋಗಾಣುವಿಗೆ ಮಾತ್ರ ವಿಶಿಷ್ಟವಾದ, ಸಕ್ಕರೆ ಕೂಡಿದ ಮೇದಸ್ಸೊಂದನ್ನು ಬೇರ್ಪಡಿಸಿದರು. ಪಿ.ಜಿ.ಎಲ್.-1 ಎಂದು ಕರೆಯುವ ಈ ವಸ್ತುವಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳ ಪ್ರಮಾಣವು ರೋಗಾಣುಗಳ ಹೊರೆಯೊಡನೆ ಏರಿ, ಚಿಕಿತ್ಸೆಯ ನಂತರ ವರ್ಷಗಳ ಅವಧಿಯಲ್ಲಿ ನಿಧಾನವಾಗಿ ಇಳಿಯುತ್ತದೆ. ಆದರೆ ರೋಗಾಣುಗಳು ವಿರಳವಾಗಿರುವ ಬಗೆಯಲ್ಲಿ ಪ್ರತಿಕಾಯಗಳು ಬಹುಮಟ್ಟಿಗೆ ಕಾಣಿಸುವುದೇ ಇಲ್ಲ. ಪರೀಕ್ಷೆಯ ನೆರವು ಹೆಚ್ಚು ಬೇಕಾದ ಕಡೆಯೇ ಅದು ಕೈಕೊಡುವುದು ಈ ವಿಧಾನದ ಗಂಭೀರ ಮಿತಿ. ಪ್ರತಿಕಾಯವುಳ್ಳ ಮನೆಮಂದಿಗೆ ಮುಂದೆ ರೋಗ ಬರುವ ಸಂಭವ ಇತರರಿಗಿಂತ ಹೆಚ್ಚಿದ್ದರೂ, ಅವರಲ್ಲಿ ಬಹುಪಾಲು ಜನರಿಗೆ ರೋಗ ಬರುವುದಿಲ್ಲ. ಜ್ವರ, ನೋವಿನ ಗಂಟುಗಳೊಡನೆ ಹಠಾತ್ತನೆ ತಲೆದೋರುವ 'ರಿಯಾಕ್ಷನ್' ವೇಳೆ ಸಿ-ರಿಯಾಕ್ಟಿವ್ ಪ್ರೋಟೀನ್ ಏರುತ್ತದೆಯಾದರೂ, ಅದು ಉರಿಯೂತ ಉಂಟುಮಾಡುವ ಬೇರೆ ಕಾಯಿಲೆಗಳಲ್ಲಿಯೂ ಏರುವಂಥದ್ದು.

ಲೈಡನ್ನಿನ ಸಂಶೋಧಕರು ಬಾಂಗ್ಲಾದೇಶದ ರೋಗಿಗಳ ಸಂಪರ್ಕದಲ್ಲಿದ್ದವರನ್ನು ಅಭ್ಯಸಿಸಿ, ಲಕ್ಷಣಗಳಿಗಿಂತ ವರ್ಷಗಳ ಮುಂಚೆಯೇ ರೋಗವನ್ನು ಸೂಚಿಸಬಲ್ಲ ನಾಲ್ಕು ಜೀನುಗಳ ಆರ್.ಎನ್.ಎ. ಗುರುತನ್ನು 2021ರಲ್ಲಿ ಪ್ರಕಟಿಸಿದ್ದು ಈ ಕ್ಷೇತ್ರದ ಅತ್ಯಂತ ಭರವಸೆಯ ಬೆಳವಣಿಗೆಗಳಲ್ಲೊಂದು.

ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿಯಾದರೋ ಲಕ್ಷಣಗಳಿಲ್ಲದ ಸೋಂಕಿನ ಪತ್ತೆಗೆ ಯಾವ ಪರೀಕ್ಷೆಯನ್ನೂ ಶಿಫಾರಸು ಮಾಡಲಿಲ್ಲ. ಆದ್ದರಿಂದ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೇರಿದಂತೆ ರಾಜ್ಯದೆಲ್ಲೆಡೆ ರೋಗನಿರ್ಣಯವು ಮಚ್ಚೆಯ ಮೇಲೆ ಹತ್ತಿಯ ಎಳೆ ಸೋಕಿಸಿ ಸ್ಪರ್ಶಜ್ಞಾನ ನೋಡುವುದು, ಮೊಣಕೈ ಬಳಿಯ ನರ ದಪ್ಪಗಾಗಿದೆಯೇ ಎಂದು ಬೆರಳಿನಿಂದ ಮುಟ್ಟಿ ಪರೀಕ್ಷಿಸುವುದು, ಅಗತ್ಯವಿದ್ದಲ್ಲಿ ಕಿವಿಯ ಹಾಲೆಯಿಂದ ತೆಗೆದ ಲೇಪವನ್ನು ಸೂಕ್ಷ್ಮದರ್ಶಕದಡಿ ನೋಡುವುದು, ಇವುಗಳನ್ನೇ ಆಧರಿಸಿದೆ. ರೋಗಿಯ ಸಂಪರ್ಕದಲ್ಲಿದ್ದು ರೋಗಲಕ್ಷಣಗಳಿಲ್ಲದ ಅರ್ಹರಿಗೆ ರಿಫಾಂಪಿಸಿನ್ ಔಷಧದ ಒಂದೇ ಡೋಸನ್ನು ರಕ್ತಪರೀಕ್ಷೆಯಿಲ್ಲದೆಯೇ ನೀಡಲಾಗುತ್ತದೆ.