ಅಚ್ಚಿನಿಂದಲೋ ಹಾಡಿನಿಂದಲೋ: ‘ಮೈಸೂರ ಮಲ್ಲಿಗೆ’ ಚಲನಚಿತ್ರದ ಆಕರ ವಿಚಾರ

ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ ಪ್ರಕಟವಾದದ್ದು 1942ರಲ್ಲಿ. ದಾಂಪತ್ಯದ ಒಲವಿಗೆ ಅದು ಕನ್ನಡದಲ್ಲಿ ಹೊಸ ದನಿ ಕೊಟ್ಟಿತೆಂಬುದು ಈಗ ಚರ್ಚೆಯ ವಿಷಯವಲ್ಲ. ತಕರಾರಿರುವುದು ಟಿ.ಎಸ್. ನಾಗಾಭರಣರ 1992ರ ಚಿತ್ರದ ಬಗ್ಗೆ. ಬಿಡಿ ಕವಿತೆಗಳಲ್ಲಿ ಕಥೆಯಿಲ್ಲ, ಸ್ವಾತಂತ್ರ್ಯ ಚಳವಳಿಯ ಹಿನ್ನೆಲೆಯ ಕಥೆಯನ್ನು ಚಿತ್ರ ಹೊರಗಿನಿಂದ ತಂದಿತು ಎಂಬ ಮಾತಿದೆ. ಇದನ್ನು ಅರ್ಧ ಮಾತ್ರ ಒಪ್ಪಬಹುದು.

ಕಥೆಯಿಲ್ಲ, ನಿಜ, ಸನ್ನಿವೇಶವಿದೆ. ಬಳೆಗಾರ ಚೆನ್ನಯ್ಯನ ಕವಿತೆಯಲ್ಲಿ ಮಾತಾಡುವವನು ಚೆನ್ನಯ್ಯನೇ. ತವರಿನಲ್ಲಿರುವ ಹೆಂಡತಿಯ ಸುದ್ದಿ ಹೊತ್ತು ಗಂಡನ ಬಾಗಿಲಿಗೆ ಬಂದಿದ್ದಾನೆ. ಇನ್ನೊಂದರಲ್ಲಿ, ತಾನು ಮರೆತಿಲ್ಲವೆಂದು ಹೆಂಡತಿಯೇ ತವರಿನಿಂದ ಹೇಳಿಕೊಳ್ಳುತ್ತಾಳೆ. ಮತ್ತೊಂದರಲ್ಲಿ ರಾಯರು ಮಾವನ ಮನೆಗೆ ಬರುತ್ತಾರೆ. ಉಪಚಾರವೆಲ್ಲ ನಡೆಯುತ್ತದೆ, ಹೆಂಡತಿ ಪದುಮಳು ಮಾತ್ರ ಕೂಡಲೇ ಕಾಣುವುದಿಲ್ಲ. ಒಂದೇ ಅಗಲಿಕೆಯನ್ನು ಮೂರು ಕಡೆಯಿಂದ ನೋಡಿದಂತಿರುವ ಇವುಗಳಲ್ಲಿ ಪಾತ್ರಗಳು ಆಗಲೇ ಸಿದ್ಧ.

ಇಷ್ಟಕ್ಕೇ ನಿಲ್ಲದೆ ಹೇಳುವುದಾದರೆ, ಚಿತ್ರದ ಹತ್ತಿರದ ಆಕರ ಅಚ್ಚಾದ ಪುಸ್ತಕಕ್ಕಿಂತ ಹಾಡಿಕೆ. ಚಿತ್ರಕ್ಕೆ ಸಂಗೀತ ನೀಡಿದ ಸಿ. ಅಶ್ವತ್ಥ್ ಅದಕ್ಕೆ ಮುಂಚೆಯೇ ಧ್ವನಿಸುರುಳಿಯಲ್ಲಿ ಈ ಕವಿತೆಗಳನ್ನು ಮನೆಮನೆಗೆ ಮುಟ್ಟಿಸಿದ್ದರು. ಪ್ರೇಕ್ಷಕರ ಕಿವಿಯಲ್ಲಿದ್ದ ಹಾಡಿಗೆ ಚಿತ್ರ ಹಾಡುವ ಬಾಯನ್ನು ಹುಡುಕಬೇಕಿತ್ತು. 1991ನೇ ಸಾಲಿನ ಶ್ರೇಷ್ಠ ಗೀತರಚನೆಯ ರಾಷ್ಟ್ರಪ್ರಶಸ್ತಿ ಇದೇ ಚಿತ್ರಕ್ಕಾಗಿ ಕವಿಗೆ ಸಂದಿತು. ಪುಸ್ತಕದ ಕವಿ ಚಿತ್ರಗೀತೆಯ ಕವಿಯೆಂದು ಮನ್ನಣೆ ಪಡೆದರು. ಆದರೆ ಆ ಪ್ರಶಸ್ತಿ ಸಾಹಿತ್ಯಕ್ಕೆ, ಸ್ವರ ಸಂಯೋಜನೆಗಲ್ಲ. ಹಾಡಿಕೆಯೇ ಮೊದಲೆಂಬುದಕ್ಕೆ ಅದು ನೇರ ಪುರಾವೆಯಾಗದು. ಕವಿತೆಯ ಲಯ ಸಡಿಲವಾಗಿದ್ದರೆ ಹಾಡಿಕೆಯೂ ನಿಲ್ಲುತ್ತಿರಲಿಲ್ಲ. ಹಾಗಾಗಿ ಪುಸ್ತಕವನ್ನು ಬದಿಗಿಡುವುದು ನನ್ನ ವಾದವಲ್ಲ; ಚಿತ್ರಕ್ಕೆ ಅದು ತಲುಪಿದ ದಾರಿ ಯಾವುದೆಂಬುದಷ್ಟೇ ಪ್ರಶ್ನೆ.

ಇವಾನ್ ಪಾಸರ್ ಅವರ 1965ರ ಝೆಕ್ ಚಿತ್ರ ‘ಇಂಟಿಮೇಟ್ ಲೈಟಿಂಗ್’ ಹಾಡಿಗೆ ಪಾತ್ರವನ್ನು ಹುಡುಕುವುದಕ್ಕೂ ಪಾತ್ರದಿಂದ ಸಂಗೀತ ಹುಟ್ಟುವುದಕ್ಕೂ ಇರುವ ವ್ಯತ್ಯಾಸವನ್ನು ಸ್ಪಷ್ಟಪಡಿಸುತ್ತದೆ. ಅಲ್ಲಿ ಸಂಗೀತಗಾರರಾದ ಇಬ್ಬರು ಹಳೆಯ ಗೆಳೆಯರು ಹಳ್ಳಿಮನೆಯಲ್ಲಿ ಕೂಡುತ್ತಾರೆ; ಮನೆಯವರೊಡನೆ ಕುಳಿತು ಮೊಜಾರ್ಟ್‌ನ ಕೃತಿ ನುಡಿಸುತ್ತ ತಪ್ಪುತ್ತಾರೆ, ತಡೆದು ವಾದಿಸುತ್ತಾರೆ. ಸಂಗೀತ ಹುಟ್ಟುವುದು ಪಾತ್ರಗಳ ಕೈಯಲ್ಲೇ. ನಾಗಾಭರಣರ ಚಿತ್ರದಲ್ಲಿ ಹಾಡು ಪಾತ್ರಕ್ಕಿಂತ ಹಳೆಯದು.

ಹಾಡಿಕೆಯಲ್ಲಿ ಕೈಬಿಟ್ಟ ಚರಣಗಳೇನಾದರೂ ಚಿತ್ರದಲ್ಲಿ ದೃಶ್ಯಗಳಾಗಿ ಮರಳಿವೆಯೇ ಎಂಬುದನ್ನು ಕವಿತೆಯಿಂದ ಕವಿತೆಗೆ ಹೋಲಿಸಿ ನೋಡಬೇಕಿದೆ. ಹೌದೆಂದಾದರೆ, ನಾನು ಇಲ್ಲಿ ಒಪ್ಪಿದ್ದಕ್ಕಿಂತ ಪುಸ್ತಕದ ಪಾಲು ದೊಡ್ಡದು.